ಮೀಟರ್ ಲೆಕ್ಕ ಹೋಮ್ ಅಸಿಸ್ಟೆಂಟ್‌ಗೆ ತರಲು ನಾಲ್ಕು ದಾರಿ: ಪಲ್ಸ್, ಐಆರ್ ಹೆಡ್, ಸಿಟಿ, ಮಾಡ್‌ಬಸ್

ಮೀಟರ್‌ನಿಂದ ನಮಗೆ ಬೇಕಾಗಿರುವುದು ಎರಡು ಬೇರೆ ಬೇರೆ ಅಂಕಿ. ಒಂದು, ಬಿಲ್ಲಿಗೆ ತಾಳೆಯಾಗುವ ಯೂನಿಟ್ ಲೆಕ್ಕ. ಇನ್ನೊಂದು, ಈ ಕ್ಷಣ ಎಷ್ಟು ವ್ಯಾಟ್ ಎಳೆಯುತ್ತಿದೆ ಎಂಬುದು. ಲೋಡ್ ಮಿತಿ ಮೀರಿದಾಗ ಹೀಟರ್ ಆಫ್ ಮಾಡಿಸಬೇಕಾದರೆ ಬೇಕಾಗುವುದು ಈ ಎರಡನೆಯದು. ಎರಡನ್ನೂ ಒಂದೇ ಸಾಧನ ಚೆನ್ನಾಗಿ ಕೊಡುವುದು ಕಡಿಮೆ. ಆಯ್ಕೆ ಎಡವುವುದೂ ಹೆಚ್ಚಾಗಿ ಇಲ್ಲೇ. ನಾಲ್ಕೂ ದಾರಿಗಳನ್ನು ಒಂದೇ ಲೈನಿನ ಮೇಲೆ ಇಟ್ಟು, ಇಎಸ್‌ಪಿಹೋಮ್ (ಇಎಸ್‌ಪಿ ಎಂಬ ಸಣ್ಣ ವೈಫೈ ಬೋರ್ಡ್‌ಗಳಿಗೆ ಸಾಫ್ಟ್‌ವೇರ್ ಕಟ್ಟಿಕೊಡುವುದು) ಮೂಲಕ ಹೋಮ್ ಅಸಿಸ್ಟೆಂಟ್‌ಗೆ (ಮನೆಯ ಉಪಕರಣಗಳನ್ನು ನೋಡಿ ನಿಯಂತ್ರಿಸುವ ಸಾಫ್ಟ್‌ವೇರ್) ಕಳಿಸಿ ನೋಡಿದಾಗ ಸಿಕ್ಕ ವ್ಯತ್ಯಾಸಗಳು ಇಲ್ಲಿವೆ.

ಮೊದಲೇ ಒಂದು ಮಾತು. ಮೀಟರ್ ಒಳಗಿನ ಮೋಡೆಮ್ ಇರುವುದು ವಿದ್ಯುತ್ ಕಂಪನಿಗಾಗಿ, ನಮಗಾಗಿ ಅಲ್ಲ. ಸೀಲ್ ಮುಟ್ಟದೆ ಹೊರಗಿನಿಂದ ಓದಲು ಸಿಗುವುದು ಮಿನುಗುವ ಎಲ್‌ಇಡಿ, ಇದ್ದರೆ ಐಆರ್ (ಇನ್‌ಫ್ರಾರೆಡ್ ಬೆಳಕಿನ) ಪೋರ್ಟ್, ಮೀಟರ್ ದಾಟಿ ನಮ್ಮ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ಕಡೆ ಬರುವ ವೈರ್. ಇಷ್ಟೇ.

ಪಲ್ಸ್ ಎಣಿಕೆ

ಅತ್ಯಂತ ಸರಳ ದಾರಿ ಇದು. ಬೆಳಕು ಗುರುತಿಸುವ ಫೋಟೋಡಯೋಡ್ ಮತ್ತು ಎಲ್‌ಎಂ393 ಕಂಪ್ಯಾರೇಟರ್ ಚಿಪ್ ಇರುವ ಸಣ್ಣ ಮಾಡ್ಯೂಲ್ ಒಂದು, ಇಎಸ್‌ಪಿ32 ಅಥವಾ ಇಎಸ್‌ಪಿ8266 ಬೋರ್ಡ್ ಒಂದು, ಕಪ್ಪು ಟೇಪ್. ಮೀಟರ್ ಮುಖದ ಮೇಲೆ ಒಂದು ಯೂನಿಟ್‌ಗೆ ಎಷ್ಟು ಇಂಪಲ್ಸ್ (ಮಿನುಗು, ಅಂದರೆ ಪಲ್ಸ್) ಎಂದು ಬರೆದಿರುತ್ತದೆ: 1000, 1600, 3200, ಹೀಗೆ. ಎರಡು ಮಿನುಗುಗಳ ನಡುವಿನ ಸೆಕೆಂಡುಗಳಿಂದ ವ್ಯಾಟ್ ಸಿಗುತ್ತದೆ: 36,00,000 ಅನ್ನು ಇಂಪಲ್ಸ್ ಸಂಖ್ಯೆ ಮತ್ತು ಸೆಕೆಂಡುಗಳ ಗುಣಲಬ್ಧದಿಂದ ಭಾಗಿಸಿ. ಇಎಸ್‌ಪಿಹೋಮ್‌ನ ಪಲ್ಸ್ ಮೀಟರ್ ನಿಮಿಷಕ್ಕೆ ಎಷ್ಟು ಪಲ್ಸ್ ಎಂದು ಕೊಡುವುದರಿಂದ, 3200ರ ಮೀಟರ್‌ಗೆ ಗುಣಕ 18.75, 1000ದ ಮೀಟರ್‌ಗೆ 60. ಒಟ್ಟು ಯೂನಿಟ್‌ಗೆ 3200ರಲ್ಲಿ 0.0003125, 1000ದಲ್ಲಿ 0.001.

ಯೂನಿಟ್ ಲೆಕ್ಕದಲ್ಲಿ ಇದನ್ನು ಹಿಂದಿಕ್ಕುವುದು ಕಷ್ಟ, ಏಕೆಂದರೆ ಬಿಲ್ ಮಾಡುವ ಮೀಟರ್‌ನ ಎಣಿಕೆಯನ್ನೇ ನಾವೂ ಎಣಿಸುತ್ತಿದ್ದೇವೆ. ಎಡವುವುದು ಕ್ಷಣದ ವ್ಯಾಟ್‌ನಲ್ಲಿ. 2000 ವ್ಯಾಟ್‌ನ ಹೀಟರ್ ಆಫ್ ಆಗಿ, ಮನೆಯಲ್ಲಿ ಇನ್ನು 40 ವ್ಯಾಟ್ ಮಾತ್ರ ಉಳಿಯಿತು ಎನ್ನಿ. 3200ರ ಮೀಟರ್‌ನಲ್ಲಿ ಮುಂದಿನ ಮಿನುಗು ಬರಲು ಸುಮಾರು 28 ಸೆಕೆಂಡು ಬೇಕು, 1000ದ ಮೀಟರ್‌ನಲ್ಲಿ 90 ಸೆಕೆಂಡು. ಅಲ್ಲಿಯವರೆಗೂ ಡ್ಯಾಶ್‌ಬೋರ್ಡ್ 2000 ಎಂದೇ ಹಠ ಹಿಡಿದಿರುತ್ತದೆ. ಇದನ್ನು ನಂಬಿ ಬರೆದ ಆಟೊಮೇಷನ್, ಆಫ್ ಆಗಿರುವ ಹೀಟರ್‌ನ ಲೆಕ್ಕದಲ್ಲಿ ಇನ್ನೊಂದು ಉಪಕರಣವನ್ನೂ ಆಫ್ ಮಾಡುತ್ತದೆ. ಪಲ್ಸ್ ಬಾರದಿದ್ದರೆ ಅಂಕಿಯನ್ನು ಸೊನ್ನೆ ಮಾಡುವ ಟೈಮ್‌ಔಟ್ ತಾನಾಗಿ 5 ನಿಮಿಷಕ್ಕೆ ಇರುತ್ತದೆ. ಹಾಗೇ ಬಿಟ್ಟರೆ 1000ದ ಮೀಟರ್‌ನಲ್ಲಿ 12 ವ್ಯಾಟ್‌ಗಿಂತ ಕಡಿಮೆ ಲೋಡ್ ಸೊನ್ನೆಯಾಗಿ ಕಾಣುತ್ತದೆ.

ತಪ್ಪು ಎಣಿಕೆಗೆ ಕಾರಣಗಳು ಬಹುತೇಕ ಬೆಳಕಿನವು. ಮಧ್ಯಾಹ್ನ ಮಾತ್ರ ಪಲ್ಸ್ ನಿಂತುಹೋದರೆ ಬಿಸಿಲು ಸೆನ್ಸರ್ ಮೇಲೆ ಬೀಳುತ್ತಿದೆ ಎಂದರ್ಥ. ಮಾಡ್ಯೂಲ್‌ನ ಪೊಟೆನ್ಶಿಯೋಮೀಟರ್ (ಸಂವೇದನೆ ಹೊಂದಿಸುವ ತಿರುಪು) ತಿರುಗಿಸುವ ಮೊದಲು ಕಪ್ಪು ಟೇಪ್ ಸರಿಮಾಡಿ. ಪಲ್ಸ್ ದುಪ್ಪಟ್ಟಾದರೆ ಇಎಸ್‌ಪಿಹೋಮ್‌ನ ಫಿಲ್ಟರ್ (ಇದಕ್ಕಿಂತ ಕಡಿಮೆ ಸಮಯದ ಸಂಕೇತ ಬಿಟ್ಟುಬಿಡು ಎನ್ನುವ ಮಿತಿ) ಚಿಕ್ಕದು. 3200ರ ಮೀಟರ್‌ನಲ್ಲಿ 10 ಕಿಲೋವ್ಯಾಟ್ ಓಡಿದರೂ ಎರಡು ಮಿನುಗುಗಳ ನಡುವೆ 112 ಮಿಲಿಸೆಕೆಂಡು ಇರುವುದರಿಂದ, ಎಡ್ಜ್ ಮೋಡ್‌ನಲ್ಲಿ (ಮಿನುಗುಗಳ ನಡುವಿನ ಅಂತರ ನೋಡುವ ವಿಧ) 50 ಮಿಲಿಸೆಕೆಂಡು ಇಟ್ಟರೆ ಯಾವ ಪಲ್ಸೂ ಕಳೆದುಹೋಗದು. ಅದೇ ಅಂಕಿಯನ್ನು ಪಲ್ಸ್ ಮೋಡ್‌ನಲ್ಲಿ (ಮಿನುಗಿನ ಉದ್ದ ನೋಡುವ ವಿಧ) ಇಟ್ಟರೆ, ಮಿನುಗು 50 ಮಿಲಿಸೆಕೆಂಡಿಗಿಂತ ಚಿಕ್ಕದಾದ ಮೀಟರ್‌ನಲ್ಲಿ ಒಂದೂ ದಾಖಲಾಗುವುದಿಲ್ಲ. ಎರಡು ಎಲ್‌ಇಡಿ ಇರುವ ಮೀಟರ್‌ಗಳಲ್ಲಿ ಒಂದು ಹೆಚ್ಚಾಗಿ ರಿಯಾಕ್ಟಿವ್ (ಕೆಲಸ ಮಾಡದೆ ಹಿಂದೆ ಮುಂದೆ ಓಡಾಡುವ ವಿದ್ಯುತ್) ಲೆಕ್ಕದ್ದು. ಪಕ್ಕದ ಬರಹ ಓದದೆ ಅಂಟಿಸಬೇಡಿ.

ಬೋರ್ಡ್ ರೀಸ್ಟಾರ್ಟ್ ಆಗುವಾಗ ಬಂದ ಪಲ್ಸ್‌ಗಳು ಹೋದಂತೆಯೇ. ಆಗಾಗ ಮೀಟರ್ ರೀಡಿಂಗ್ ನೋಡಿ, ಒಟ್ಟು ಪಲ್ಸ್ ಹೊಂದಿಸುವ ಆಕ್ಷನ್ ಮೂಲಕ ಸರಿಮಾಡಿಕೊಳ್ಳಬಹುದು. ಸೋಲಾರ್ ಇದ್ದರೆ ಮಾತ್ರ ಈ ದಾರಿ ಬೇಡ: ವಿದ್ಯುತ್ ಒಳಗೆ ಬಂದರೂ ಹೊರಗೆ ಹೋದರೂ ಎಲ್‌ಇಡಿ ಮಿನುಗುವುದು ಒಂದೇ ಥರ.

ಐಆರ್ ಹೆಡ್

ಮೀಟರ್ ಮುಖದಲ್ಲಿ ದುಂಡನೆಯ ಲೋಹದ ಭಾಗ, ಅದರೊಳಗೆ ಎರಡು ಪುಟ್ಟ ಕಿಟಕಿಗಳಿದ್ದರೆ ಅದೇ ಆಪ್ಟಿಕಲ್ ಪೋರ್ಟ್. ಆಯಸ್ಕಾಂತವಿರುವ ಹೆಡ್ (ಐಆರ್ ಬೆಳಕಿನಲ್ಲಿ ಮೀಟರ್ ಜೊತೆ ಮಾತಾಡುವ ಸಾಧನ) ಅಲ್ಲಿ ತಾನಾಗಿ ಕೂರುತ್ತದೆ. ಮೀಟರ್ ಬಾಯಿಬಿಟ್ಟರೆ ನಾಲ್ಕರಲ್ಲಿ ಇದಕ್ಕೇ ಮೊದಲ ಸ್ಥಾನ: ಡಿಸ್‌ಪ್ಲೇಯಲ್ಲಿ ಕಾಣುವ ರೀಡಿಂಗ್ ನೇರ ಬರುತ್ತದೆ, ಬೋರ್ಡ್ ರೀಸ್ಟಾರ್ಟ್ ಆದರೂ ಲೆಕ್ಕ ತಪ್ಪುವುದಿಲ್ಲ, ಒಬಿಸ್ ಕೋಡ್ (ಮೀಟರ್‌ನ ಒಂದೊಂದು ಅಂಕಿಗೂ ಇರುವ ಗುರುತಿನ ಸಂಖ್ಯೆ) 1.8.0 ಒಳಬಂದ ಒಟ್ಟು ಯೂನಿಟ್, 2.8.0 ಹೊರಹೋದದ್ದು. ಕೆಲವು ಮೀಟರ್‌ಗಳು 16.7.0ರಲ್ಲಿ ಈ ಕ್ಷಣದ ವ್ಯಾಟ್ ಅನ್ನೂ ಕೊಡುತ್ತವೆ.

ಬಾಯಿಬಿಡುತ್ತದೆಯೇ ಎಂಬುದೇ ಪ್ರಶ್ನೆ. ಕೆಲವು ಮೀಟರ್‌ಗಳು ಕೇಳದೆಯೇ ಕೆಲವೇ ಸೆಕೆಂಡಿಗೊಮ್ಮೆ ಡೇಟಾ ಹೊರಬಿಡುತ್ತವೆ. ಕೆಲವನ್ನು ಐಇಸಿ 62056-21ರ (ಮೀಟರ್ ಓದುವ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಕೇಳಬೇಕು: 300 ಬಾಡ್ (ಸೆಕೆಂಡಿಗೆ 300 ಬಿಟ್ ವೇಗ), 7 ಬಿಟ್, ಈವನ್ ಪ್ಯಾರಿಟಿ, 1 ಸ್ಟಾಪ್ ಬಿಟ್‌ನಲ್ಲಿ /?! ಕಳಿಸಿದರೆ ಮೀಟರ್ ತನ್ನ ಗುರುತು ಹೇಳುತ್ತದೆ. ಗುರುತಿನಲ್ಲಿ ತಯಾರಕರ ಮೂರು ಅಕ್ಷರಗಳ ನಂತರದ ಅಂಕಿ 5 ಆದರೆ 9600 ಬಾಡ್‌ಗೆ ಏರಬಹುದು. ಎಸಿಕೆ (ಒಪ್ಪಿಗೆಯ) ಬೈಟ್ ಜೊತೆ 050 ಕಳಿಸಿ ವೇಗ ಬದಲಿಸಬೇಕು. ಉತ್ತರ ಕಸವಾಗಿ ಬಂದರೆ ಮೊದಲು ನೋಡಬೇಕಾದ್ದು ಇಲ್ಲೇ: ಕೊನೆಯ ಬೈಟ್ ಹೊರಡುವ ಮೊದಲೇ ಕೋಡ್ ಬಾಡ್ ಬದಲಿಸಿರುತ್ತದೆ. ಕೇಳಿದ ಪ್ರಶ್ನೆಯೇ ಉತ್ತರವಾಗಿ ಮರಳಿದರೆ ಹೆಡ್‌ನ ಸ್ವಂತ ಬೆಳಕು ಗಾಜಿಗೆ ತಾಗಿ ಹಿಂದಿರುಗುತ್ತಿದೆ. ಹೆಡ್ ಸ್ವಲ್ಪ ತಿರುಗಿಸಿ, ಪ್ರತಿಧ್ವನಿಯನ್ನು ಕೋಡ್‌ನಲ್ಲಿ ಬಿಟ್ಟುಬಿಡಿ. ವೇಗ ಏರಿಸದೆ 300ರಲ್ಲೇ ಓದಿದರೆ ಸೆಕೆಂಡಿಗೆ 30 ಅಕ್ಷರ ಮಾತ್ರ. 600 ಅಕ್ಷರದ ಪಟ್ಟಿಗೆ 20 ಸೆಕೆಂಡು. ಇಎಸ್‌ಪಿ8266ರಲ್ಲಿ ಲಾಗರ್‌ನ (ಬೋರ್ಡ್ ತನ್ನ ಸಂದೇಶಗಳನ್ನು ಬರೆಯುವ ಭಾಗ) ಬಾಡ್ ರೇಟ್ ಸೊನ್ನೆ ಮಾಡದಿದ್ದರೆ ಲಾಗ್ ಸಾಲುಗಳೂ ಮೀಟರ್‌ಗೇ ಹೋಗುತ್ತವೆ.

ಡಿಎಲ್‌ಎಂಎಸ್ (ಮೀಟರ್‌ಗಳ ಇನ್ನೊಂದು ಸಂವಹನ ಭಾಷೆ) ಮಾತ್ರ ತಿಳಿದ ಮೀಟರ್‌ಗಳಲ್ಲಿ ಪಾಸ್‌ವರ್ಡ್, ಕೆಲವೊಮ್ಮೆ ಎಇಎಸ್-128 ಗೂಢಲಿಪಿಯ ಕೀ ಕೂಡ ಬೇಕು. ಅದು ಕಂಪನಿಯಿಂದ ಅಧಿಕೃತವಾಗಿ ಸಿಗದಿದ್ದರೆ ಹೆಡ್ ಕೊಂಡು ಪ್ರಯೋಜನವಿಲ್ಲ. ಹೆಡ್ ಕೊಳ್ಳುವ ಮೊದಲೇ ಇದನ್ನು ವಿಚಾರಿಸಿ. ನೆದರ್ಲೆಂಡ್ಸ್‌ನ ಮೀಟರ್‌ಗಳಲ್ಲಿ ಗ್ರಾಹಕರಿಗೆಂದೇ ಪಿ1 ಪೋರ್ಟ್ ಇದೆ. ಅಂಥದ್ದು ಇರುವವರಿಗೆ ಈ ಹೋಲಿಕೆಯೇ ಬೇಡ, ಕೇಬಲ್ ಚುಚ್ಚಿದರೆ ಮುಗಿಯಿತು.

ಸಿಟಿ ಕ್ಲಾಂಪ್

ಸಿಟಿ ಎಂದರೆ ಕರೆಂಟ್ ಟ್ರಾನ್ಸ್‌ಫಾರ್ಮರ್, ವೈರ್ ಸುತ್ತ ಹಾಕುವ ಕ್ಲಾಂಪ್. ಎಸ್‌ಸಿಟಿ-013ರಂಥ ಬಿಡಿ ಕ್ಲಾಂಪ್ ಅನ್ನು ನೇರ ಎಡಿಸಿಗೆ (ಬೋರ್ಡ್‌ನಲ್ಲಿ ವೋಲ್ಟೇಜನ್ನು ಅಂಕಿ ಮಾಡುವ ಭಾಗ) ಕೊಡುವ ವಿಧಾನ ಅಗ್ಗ, ಆದರೆ ಅದು ಅಳೆಯುವುದು ಆಂಪಿಯರ್ ಮಾತ್ರ. ವೋಲ್ಟೇಜ್ ಗೊತ್ತಿಲ್ಲದ್ದರಿಂದ ಸಿಗುವುದು ವೋಲ್ಟ್-ಆಂಪಿಯರ್. ಪವರ್ ಫ್ಯಾಕ್ಟರ್ (ವೋಲ್ಟ್-ಆಂಪಿಯರ್‌ನಲ್ಲಿ ನಿಜ ವ್ಯಾಟ್ ಆಗುವ ಪಾಲು) 0.6 ಇರುವ ಲೋಡ್ 60 ವ್ಯಾಟ್ ಎಳೆದರೆ ಇದು 100 ಎನ್ನುತ್ತದೆ. 100 ಆಂಪಿಯರ್‌ಗೆ 50 ಮಿಲಿಆಂಪಿಯರ್ ಕೊಡುವ ಮಾದರಿಗೆ 3.3 ವೋಲ್ಟ್ ಎಡಿಸಿಯಲ್ಲಿ 22 ಓಮ್‌ನ ಬರ್ಡನ್ ರೆಸಿಸ್ಟರ್ (ಸಿಟಿಯ ಕರೆಂಟನ್ನು ಅಳೆಯಬಲ್ಲ ವೋಲ್ಟೇಜ್ ಆಗಿಸುವುದು) ಹೊಂದುತ್ತದೆ. ಬರ್ಡನ್ ಇಲ್ಲದೆ ಓಡುವ ಲೈನಿಗೆ ಸಿಟಿ ಕ್ಲಾಂಪ್ ಮಾಡಬೇಡಿ, ತುದಿಗಳಲ್ಲಿ ಅಪಾಯದ ವೋಲ್ಟೇಜ್ ಏಳಬಹುದು. ಕಡಿಮೆ ಲೋಡ್‌ನಲ್ಲಿ ಎಡಿಸಿ ಗದ್ದಲವೇ ಹತ್ತಾರು ವ್ಯಾಟ್‌ನಂತೆ ಕಾಣುತ್ತದೆ. ಮನೆಯ ಮುಖ್ಯ ಲೈನಿಗೆ ಇದನ್ನು ಶಿಫಾರಸು ಮಾಡಲಾಗದು.

ವೋಲ್ಟೇಜ್ ಕೂಡ ಅಳೆಯುವ ಸಾಧನಗಳು ಬೇರೆ ಮಟ್ಟದವು. ಪಿಜೆಡ್‌ಇಎಂ-004ಟಿ ಎಂಬ ಮಾಡ್ಯೂಲ್ ವ್ಯಾಟ್, ಪವರ್ ಫ್ಯಾಕ್ಟರ್, ಯೂನಿಟ್ ಎಲ್ಲ ಕೊಡುತ್ತದೆ, ಆದರೆ ವಿದ್ಯುತ್ ಹರಿಯುವ ದಿಕ್ಕು ಹೇಳುವುದಿಲ್ಲ; ಕರೆಂಟ್ ಹೋದಾಗ ಅದೂ ಉತ್ತರ ಕೊಡುವುದಿಲ್ಲ. ಶೆಲ್ಲಿ ಕಂಪನಿಯ ಇಎಂ ಸಾಲಿನವು ದಿಕ್ಕನ್ನೂ ತಿಳಿಯುತ್ತವೆ, ಸೋಲಾರ್ ಮನೆಗೆ ಒಗ್ಗುತ್ತವೆ. ಲೋಡ್ ನಿಯಂತ್ರಣಕ್ಕೆ ಈ ಗುಂಪೇ ಸರಿ: ಹೀಟರ್ ಆಫ್ ಆದ ಒಂದೆರಡು ಸೆಕೆಂಡಿನಲ್ಲೇ ಅಂಕಿ ಇಳಿಯುತ್ತದೆ.

ಕ್ಲಾಂಪ್ ಒಂದೇ ವೈರ್ ಸುತ್ತ ಇರಬೇಕು. ಫೇಸ್, ನ್ಯೂಟ್ರಲ್ ಎರಡನ್ನೂ ಹಾಕಿದರೆ ಒಂದನ್ನೊಂದು ಹೊಡೆದುಕೊಂಡು ಸೊನ್ನೆ. ಮೂರು ಫೇಸ್ ಮನೆಯಲ್ಲಿ ತಪ್ಪು ಹಿಡಿಯಲು 2000 ವ್ಯಾಟ್‌ನ ಹೀಟರ್ ಒಂದನ್ನೇ ಹಚ್ಚಿ ನೋಡಿ. ಮೈನಸ್ 2000 ಬಂದರೆ ಕ್ಲಾಂಪ್ ತಿರುಗಿದೆ, ಬಾಣದ ಗುರುತು ಲೋಡ್ ಕಡೆಗಿರಲಿ. ಮೈನಸ್ 1000 ಬಂದರೆ ಕ್ಲಾಂಪ್ ಒಂದು ಫೇಸ್‌ನಲ್ಲಿ, ವೋಲ್ಟೇಜ್ ಇನ್ನೊಂದು ಫೇಸ್‌ನಲ್ಲಿದೆ. 120 ಡಿಗ್ರಿಯ ಕೊಸೈನ್ ಮೈನಸ್ ಅರ್ಧ. ಪ್ಲಸ್ 1000 ಬಂದರೆ ಎರಡೂ ತಪ್ಪು. ಸರಿಯಾದ ದಿಕ್ಕಿನಲ್ಲಿದ್ದೂ ಅಂಕಿ ಕಡಿಮೆ ಬಂದರೆ ಕ್ಲಾಂಪ್ ಬಾಯಿ ಪೂರ್ತಿ ಮುಚ್ಚಿಲ್ಲ, ಇಲ್ಲವೇ ಅಂಚಿನಲ್ಲಿ ಧೂಳಿದೆ.

ಮಾಡ್‌ಬಸ್ ಮೀಟರ್

ಮಾಡ್‌ಬಸ್ ಎಂಬ ಸಂವಹನ ಭಾಷೆಯಲ್ಲಿ ಅಂಕಿ ಕೊಡುವ, ಡಿಬಿಯ ಡಿನ್ ರೈಲ್ (ಲೋಹದ ಪಟ್ಟಿ) ಮೇಲೆ ಎಂಸಿಬಿ (ಸರ್ಕ್ಯೂಟ್ ಬ್ರೇಕರ್) ಪಕ್ಕ ಕೂರುವ ಸ್ವಂತ ಮೀಟರ್. ಈಸ್ಟ್ರಾನ್ ಎಸ್‌ಡಿಎಂ120 ಗರಿಷ್ಠ 45 ಆಂಪಿಯರ್‌ಗೆ, ಎಸ್‌ಡಿಎಂ230 100 ಆಂಪಿಯರ್‌ಗೆ, ಎಸ್‌ಡಿಎಂ630 ಮೂರು ಫೇಸ್‌ಗೆ. ನಿಖರತೆ, ದಿಕ್ಕು, ಒಟ್ಟು ಯೂನಿಟ್ ಮೂರೂ ಗಟ್ಟಿ. ಬೆಲೆ ತೆರಬೇಕಾದ್ದು ಅಳವಡಿಕೆಯಲ್ಲಿ: ಮುಖ್ಯ ಲೈನ್ ಕತ್ತರಿಸಿ ಸೇರಿಸಬೇಕು, ಎಲೆಕ್ಟ್ರಿಷಿಯನ್ ಕೆಲಸ, ಟರ್ಮಿನಲ್ ಸಡಿಲವಿದ್ದರೆ ಕಾಯ್ದು ಸುಡುತ್ತದೆ.

ಇಎಸ್‌ಪಿ ಬೋರ್ಡ್‌ಗೆ 3.3 ವೋಲ್ಟ್‌ನ ಆರ್‌ಎಸ್-485 (ಮಾಡ್‌ಬಸ್ ಓಡುವ ಎ, ಬಿ ವೈರ್‌ಗಳ ಸಂಪರ್ಕ) ಚಿಪ್, ಅಂದರೆ ಮ್ಯಾಕ್ಸ್3485 ಬಳಸಿ; ಮ್ಯಾಕ್ಸ್485ಗೆ 5 ವೋಲ್ಟ್ ಬೇಕು. ರಿಜಿಸ್ಟರ್ (ಮೀಟರ್ ತನ್ನ ಅಂಕಿ ಇಡುವ ಸ್ಥಾನ) ಎಣಿಕೆಯಲ್ಲಿ ಒಂದು ತಪ್ಪು ಮರುಕಳಿಸುತ್ತದೆ. ಕೈಪಿಡಿಯ 30001 ಎಂದರೆ ವಿಳಾಸ 0. ಹಾಗಾಗಿ ವ್ಯಾಟ್ ಇರುವ 30013 ಎಂದರೆ 12, ಒಳಬಂದ ಯೂನಿಟ್‌ನ 30073 ಎಂದರೆ 72, ಹೊರಹೋದ 30075 ಎಂದರೆ 74. ಒಂದೊಂದೂ ಎರಡು ರಿಜಿಸ್ಟರ್‌ನ 32 ಬಿಟ್ ಫ್ಲೋಟ್ (ದಶಮಾಂಶ ಸಂಖ್ಯೆ), ಓದಲು ಮಾಡ್‌ಬಸ್‌ನ ಫಂಕ್ಷನ್ 04. ಅಂಕಿ ವಿಚಿತ್ರವಾಗಿ ದೊಡ್ಡದಾಗಿ ಬಂದರೆ ವಿಳಾಸ ಒಂದು ಜಾರಿರುತ್ತದೆ. ಉತ್ತರವೇ ಇಲ್ಲದಿದ್ದರೆ ಎ, ಬಿ ವೈರ್ ಅದಲು ಬದಲು ಮಾಡಿ ನೋಡಿ, ನಂತರ ಬಾಡ್. ಎಸ್‌ಡಿಎಂ120 ಬರುವುದೇ 2400 ಬಾಡ್‌ನಲ್ಲಿ. ಆ ವೇಗದಲ್ಲಿ ಒಂದು ಅಂಕಿಗೆ ಪ್ರಶ್ನೆ 8 ಬೈಟ್, ಉತ್ತರ 9 ಬೈಟ್, ಒಟ್ಟು ಸುಮಾರು 71 ಮಿಲಿಸೆಕೆಂಡು. ಹತ್ತು ಅಂಕಿಯನ್ನು ಬಿಡಿಬಿಡಿಯಾಗಿ ಸೆಕೆಂಡಿಗೊಮ್ಮೆ ಕೇಳಿದರೆ ಬಸ್ ಉಸಿರಾಡುವುದಿಲ್ಲ, 9600ಕ್ಕೆ ಏರಿಸಿ.

ಯಾವುದನ್ನು ಹಾಕುವುದು

ಐಆರ್ ಪೋರ್ಟ್ ಮಾತಾಡಿದರೆ ಹೆಡ್. ಇಲ್ಲದಿದ್ದರೆ, ಸೋಲಾರ್ ಇಲ್ಲದ ಮನೆಗೆ ಯೂನಿಟ್ ಲೆಕ್ಕಕ್ಕೆ ಪಲ್ಸ್, ನಿಯಂತ್ರಣಕ್ಕೆ ವೋಲ್ಟೇಜ್ ಅಳೆಯುವ ಸಿಟಿ, ಎರಡನ್ನೂ ಒಟ್ಟಿಗೆ. ಡಿಬಿ ಹೊಸದಾಗಿ ಕಟ್ಟಿಸುತ್ತಿದ್ದರೆ ಮಾತ್ರ ಮಾಡ್‌ಬಸ್. ಇರುವ ಡಿಬಿ ಕೆದಕುವಷ್ಟು ಲಾಭ ಅದರಲ್ಲಿಲ್ಲ.

ಎನರ್ಜಿ ಡ್ಯಾಶ್‌ಬೋರ್ಡ್‌ಗೆ ಸೇರಿಸುವಾಗ ಸೆನ್ಸರ್‌ನ ಡಿವೈಸ್ ಕ್ಲಾಸ್ ಎನರ್ಜಿ, ಸ್ಟೇಟ್ ಕ್ಲಾಸ್ ಟೋಟಲ್ ಇನ್‌ಕ್ರೀಸಿಂಗ್ (ಏರುತ್ತಲೇ ಹೋಗುವ ಒಟ್ಟು) ಇರಲಿ. ವ್ಯಾಟ್‌ನಿಂದ ಯೂನಿಟ್ ಮಾಡುವ ಇಂಟಿಗ್ರೇಷನ್ ಸೆನ್ಸರ್‌ನಲ್ಲಿ, ಆನ್-ಆಫ್ ಲೋಡ್‌ಗಳಿಗೆ ಲೆಫ್ಟ್ ವಿಧಾನ (ಹಿಂದಿನ ಅಂಕಿಯೇ ಮುಂದಿನ ಓದಿನವರೆಗೆ ಇತ್ತು ಎಂದುಕೊಳ್ಳುವುದು) ಆರಿಸಿ. ತಾನಾಗಿ ಬರುವ ಟ್ರಾಪಿಜಾಯ್ಡಲ್ (ಎರಡು ಓದಿನ ಸರಾಸರಿ ಹಿಡಿಯುವುದು), ಬಹುಹೊತ್ತು ಬದಲಾಗದ ಅಂಕಿ ಒಮ್ಮೆಲೇ ಜಿಗಿದಾಗ ಇಲ್ಲದ ಯೂನಿಟ್ ಸೇರಿಸುತ್ತದೆ. ಇನ್ನೊಂದು ಕಡೆ ಎಚ್ಚರ ಬೇಕು. ಓದು ತಪ್ಪಿ ಮೀಟರ್ ಅಂಕಿ ಒಮ್ಮೆ ಸೊನ್ನೆ ಬಂದು, ಮರುಕ್ಷಣ 12,345 ಎಂದು ಮರಳಿದರೆ, ಹೋಮ್ ಅಸಿಸ್ಟೆಂಟ್ ಅದನ್ನು ಮೀಟರ್ ರೀಸೆಟ್ ಎಂದುಕೊಂಡು ಆ ಗಂಟೆಗೆ 12,345 ಯೂನಿಟ್ ಬರೆದುಬಿಡುತ್ತದೆ. ಐಆರ್ ಹೆಡ್ ಮತ್ತು ಮಾಡ್‌ಬಸ್‌ನ ಒಟ್ಟು ಅಂಕಿಗೆ ಇಎಸ್‌ಪಿಹೋಮ್‌ನಲ್ಲೇ ಸೊನ್ನೆಯನ್ನು ತಡೆಯುವ ಫಿಲ್ಟರ್ ಹಾಕಿ. ಆಗಲೇ ಬರೆದುಹೋಗಿದ್ದರೆ ಡೆವಲಪರ್ ಟೂಲ್ಸ್‌ನ ಸ್ಟಾಟಿಸ್ಟಿಕ್ಸ್ ಪುಟದಲ್ಲಿ ಆ ಗಂಟೆಯ ಅಂಕಿ ಹುಡುಕಿ ತಿದ್ದಬೇಕು.