ಟಾರ್ಚ್ ಹಾಕಿ ನೋಡಿದರೆ ಸಾಲದು: ಬಿಚ್ಚಿ ಒರೆಸಿದ ಲೆನ್ಸ್ ಮಾರುತ್ತಿದ್ದಾರೆ, ಜಾಗ್ರತೆ

ಮಂಗಳೂರು, ಉಡುಪಿ ಕಡೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಲೆನ್ಸ್ ಹುಡುಕುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಲೆನ್ಸ್ ಒಳಗೆ ಫಂಗಸ್ (ಬೂಸ್ಟು) ಇದೆಯಾ ಅಂತ ಟಾರ್ಚ್ ಹಾಕಿ ನೋಡಬೇಕು ಅನ್ನುವುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅಂಗಡಿಯಲ್ಲಿ ತಗೊಳ್ಳುವಾಗ ನಾನೂ ನೋಡಿದ್ದೆ. ಒಂದು ಎಳೆ ಕೂಡ ಕಾಣಲಿಲ್ಲ. ಆದರೂ 65,000 ರೂಪಾಯಿ ನೀರುಪಾಲಾಯಿತು. ಯಾಕೆಂದರೆ ಮಾರುವ ಮೊದಲೇ ಯಾರೋ ಅದನ್ನು ಬಿಚ್ಚಿ, ಫಂಗಸ್ ಒರೆಸಿ, ಮತ್ತೆ ಜೋಡಿಸಿದ್ದರು. ಅದನ್ನು ನನ್ನಿಂದ ಮುಚ್ಚಿಟ್ಟರು.

ಲೆನ್ಸ್ ಯಾವುದೆಂದರೆ ಕ್ಯಾನನ್ ಇಎಫ್ 70-200 ಎಫ್/2.8, ಎರಡನೇ ವರ್ಷನ್. 2010ರಲ್ಲಿ ಬಂದದ್ದು. ಈಗ ಎಲ್ಲರೂ ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾ ಕಡೆ ಹೋಗುತ್ತಿರುವುದರಿಂದ, ಕನ್ನಡಿ ಇರುವ ಕ್ಯಾಮೆರಾಗಳಿಗೆ ಮಾಡಿದ ಇಂಥ ಇಎಫ್ ಲೆನ್ಸ್‌ಗಳು ಕಡಿಮೆ ರೇಟಿಗೆ ಸಿಗುತ್ತವೆ. ಯಕ್ಷಗಾನ, ಕೋಲ, ಕಂಬಳ ಅಂತ ರಾತ್ರಿ ಫೋಟೊ ತೆಗೆಯುವ ನಮ್ಮಂಥ ಹವ್ಯಾಸಿಗಳಿಗೆ ಇದಕ್ಕಿಂತ ಒಳ್ಳೆ ಲೆನ್ಸ್ ಈ ರೇಟಿಗೆ ಸಿಗುವುದು ಕಷ್ಟ. ಅಂಗಡಿಯ ಹೆಸರು ಇಲ್ಲಿ ಹಾಕುವುದಿಲ್ಲ. ಹೆಸರಿಗಿಂತ ಅವರು ಮಾಡಿದ ಕೆಲಸ ಹೇಗಿರುತ್ತದೆ ಅಂತ ಗೊತ್ತಾಗುವುದು ಮುಖ್ಯ. ಇದು ಒಂದೇ ಕಡೆ ನಡೆಯುವಂಥದ್ದೂ ಅಲ್ಲ.

ಅಂಗಡಿಯವರು ಹೇಳಿದ್ದು ಇಷ್ಟು: "ಒಬ್ಬರೇ ಓನರ್ ಸರ್. ಎಲ್ಲೂ ಓಪನ್ ಆಗಿಲ್ಲ. ಒಳ್ಳೆ ಪೀಸ್." ಫೋಕಸ್ ಸರಿ ಇತ್ತು, ಸ್ಟೆಬಿಲೈಸರ್ ಸರಿ ಇತ್ತು, ಝೂಮ್ ರಿಂಗ್ ನಯವಾಗಿ ತಿರುಗುತ್ತಿತ್ತು. ಇದೇ ಲೆನ್ಸಲ್ಲಿ ತೆಗೆದದ್ದು ಅಂತ ಮಲ್ಪೆ ಬೀಚಿನ ಒಂದಷ್ಟು ಫೋಟೊ ತೋರಿಸಿದರು. ಎಲ್ಲವೂ ಫಸ್ಟ್ ಕ್ಲಾಸ್. ಆದರೆ ಎಲ್ಲವೂ ಮಧ್ಯಾಹ್ನದ ಬಿಸಿಲಲ್ಲಿ, ಎಫ್/8ರಲ್ಲಿ, ಸೂರ್ಯನಿಗೆ ಬೆನ್ನು ಹಾಕಿ ತೆಗೆದವು. ಅಪರ್ಚರ್, ಅಂದರೆ ಬೆಳಕು ಒಳಗೆ ಬರುವ ಕಿಂಡಿ, ಅಷ್ಟು ಚಿಕ್ಕದು ಮಾಡಿದರೆ ಲೆನ್ಸಿನ ಸುಮಾರು ದೋಷಗಳು ಮುಚ್ಚಿಹೋಗುತ್ತವೆ. ಬೆಳಕು ಹಿಂದಿನಿಂದ ಬಂದರೆ ಉಳಿದದ್ದೂ ಕಾಣುವುದಿಲ್ಲ. ಯಾರಾದರೂ ನಿಮಗೆ ಇಂಥ ಫೋಟೊಗಳನ್ನೇ ತೋರಿಸಿದರೆ, ಎಫ್/2.8ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದು, ಬೆಳಕಿಗೆ ಎದುರಾಗಿ ತೆಗೆದದ್ದು ಕೊಡಿ, ಅದೂ ಎಡಿಟ್ ಮಾಡದ ರಾ ಫೈಲ್ ಕೊಡಿ ಅಂತ ಕೇಳಿ. ಕೊಡುವುದಿಲ್ಲ ಎಂದರೆ ಅಲ್ಲಿಂದ ಎದ್ದು ಬನ್ನಿ.

ಆಮೇಲೆ ನಡೆದದ್ದು ಇನ್ನೂ ಬೇಸರದ ವಿಷಯ. ಯಕ್ಷಗಾನ ಬಯಲಾಟಕ್ಕೆ ಹೋಗಿ ಫೋಟೊ ತೆಗೆದಾಗಲೆಲ್ಲ ಏನೋ ಸರಿ ಬರುತ್ತಿರಲಿಲ್ಲ. ರಂಗಸ್ಥಳದ ಎಲ್‌ಇಡಿ ಲೈಟ್ ಫ್ರೇಮಿನ ಮೂಲೆಗೆ ಬಂದರೆ ಸಾಕು, ಇಡೀ ಫೋಟೊ ಮೇಲೆ ತೆಳ್ಳಗೆ ಬಿಳುಪು. ಒಡ್ಡೋಲಗದಲ್ಲಿ ನಾಲ್ಕೈದು ವೇಷ ಸಾಲಾಗಿ ನಿಂತರೆ ಎಡಗಡೆಯವರ ಮುಖದ ಬಣ್ಣದ ಗೆರೆಗಳು ಬಿಡಿಬಿಡಿಯಾಗಿ ಕಾಣುತ್ತಿರಲಿಲ್ಲ. ಅದೇ ಸಾಲಿನ ಬಲತುದಿಯವರ ರೆಪ್ಪೆ ಕೂಡ ಎಣಿಸಬಹುದಿತ್ತು.

ನಮ್ಮ ಫೋಟೊ ಬಳಗದಲ್ಲಿ ಹಾಕಿದೆ. ಅರ್ಧ ಜನ "ಸೂಪರ್", "ಮಸ್ತ್ ಉಂಟು" ಅಂದರು. ಉಳಿದವರು ಪ್ರೀತಿಯಿಂದಲೇ ಸಲಹೆ ಕೊಟ್ಟರು. ಶಟರ್ ಸ್ಪೀಡ್ ಜಾಸ್ತಿ ಮಾಡಿ, ಮೋನೊಪಾಡ್ ಹಾಕಿ, ಫೋಕಸ್ ಪಾಯಿಂಟ್ ಬದಲಿಸಿ. ಎಲ್ಲವನ್ನೂ ಮಾಡಿದೆ. 1/250 ಇದ್ದದ್ದನ್ನು 1/640ಕ್ಕೆ ಏರಿಸಿದೆ, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಜಾಸ್ತಿಯಾಗಿ ಫೋಟೊ ಇನ್ನಷ್ಟು ಕಾಳುಕಾಳಾಯಿತು. ಎಡಗಡೆ ಮಾತ್ರ ಹಾಗೆಯೇ ಉಳಿಯಿತು. ಮೇ ಕೊನೆಯ ಪತ್ತನಾಜೆಗೆ, ಆಟದ ಸೀಸನ್ ಮುಗಿಯುವ ದಿನ, ಮೇಳಗಳೆಲ್ಲ ಗೆಜ್ಜೆ ಬಿಚ್ಚಿದವು, ನನ್ನ ಒಂದಿಡೀ ಸೀಸನ್ ಹೀಗೆ ಹೋಯಿತು. ಹಣಕ್ಕಿಂತ ಜಾಸ್ತಿ ನೋವು ಕೊಟ್ಟದ್ದು ಇದು. ಆ ರಾತ್ರಿಗಳು, ಆ ವೇಷಗಳು ಮತ್ತೆ ಅದೇ ರೀತಿ ಸಿಗುವುದಿಲ್ಲ.

ಸತ್ಯ ಹೊರಬಂದದ್ದು ಕೃಷ್ಣಾಷ್ಟಮಿಯ ಮರುದಿನ ಉಡುಪಿಯ ವಿಟ್ಲಪಿಂಡಿಗೆ ತೆಗೆದ ಹುಲಿವೇಷದ ಫೋಟೊಗಳಿಂದ. ರಥಬೀದಿಯಲ್ಲಿ ಮಳೆ ಬಂದು ಹೋಗಿತ್ತು. ತಾಸೆ ಬಡಿಯುವವರ ಹಿಂದಿನಿಂದ ಬಿಸಿಲು ಎದುರಿಗೆ ಬರುತ್ತಿತ್ತು. ಆ ಫೋಟೊ ನೋಡಿ ಬಳಗದ ಹಿರಿಯರೊಬ್ಬರು, ಫಿಲ್ಮ್ ಕಾಲದಿಂದ ಸ್ಟುಡಿಯೊ ನಡೆಸಿದವರು, ಒಂದೇ ಮಾತು ಕೇಳಿದರು: "ಹುಲಿಯ ಪಟ್ಟೆ ಯಾಕೆ ಕಪ್ಪಾಗಿಲ್ಲ ಮಾರಾಯ್ರೆ? ರಾ ಫೈಲ್ ಕಳಿಸಿ ನೋಡುವ." ಕಳಿಸಿದೆ. ಒಂದೆರಡು ಗಂಟೆಯಲ್ಲೇ ಫೋನ್ ಮಾಡಿದರು. "ಇದು ನಿಮ್ಮ ಕೈಯ ತಪ್ಪಲ್ಲ. ಲೆನ್ಸ್ ತನ್ನಿ."

ಈ ಬರಹ ಬರೆಯಲು ಅರ್ಧ ಕಾರಣ ಆ ಒಂದು ಪ್ರಶ್ನೆ. ಬಳಗದಲ್ಲಿ ಯಾರಾದರೂ ಫೋಟೊ ಹಾಕಿದರೆ ಸುಮ್ನೆ "ಸೂಪರ್" ಅನ್ನಬೇಡಿ. ಕಪ್ಪು ಕಪ್ಪಾಗಿ ಬಂದಿದೆಯಾ, ಎರಡೂ ಬದಿ ಒಂದೇ ರೀತಿ ಶಾರ್ಪ್ ಇದೆಯಾ ಅಂತ ನೋಡಿ ಹೇಳಿ. ಫೋಟೊ ಹಾಕುವವರೂ ಅಷ್ಟೆ. ವಾಟ್ಸಾಪಿನಲ್ಲಿ ಮಾಮೂಲಾಗಿ ಕಳಿಸಿದರೆ ಫೈಲ್ ಚಿಕ್ಕದಾಗುತ್ತದೆ, ಅಪರ್ಚರ್ ಎಷ್ಟು, ಶಟರ್ ಎಷ್ಟು ಅನ್ನುವ ಮಾಹಿತಿಯೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಎಡಿಟ್ ಮಾಡಿ ಕಾಂಟ್ರಾಸ್ಟ್ ಏರಿಸಿದ ಫೋಟೊದಲ್ಲಿ ಲೆನ್ಸಿನ ರೋಗ ಯಾರಿಗೂ ಕಾಣುವುದಿಲ್ಲ.

ಹಿರಿಯರ ಮನೆಯಲ್ಲಿ ಲೆನ್ಸನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು ಓರೆ ಮಾಡಿದೆವು. ಒಳಗಿನ ಒಂದೊಂದು ಗಾಜಿನ ಮೇಲೂ ಲೈಟಿನ ಪ್ರತಿಬಿಂಬ ಕಾಣುತ್ತದೆ. ಕೋಟಿಂಗ್ (ಗಾಜಿನ ಮೇಲಿನ ತೆಳು ಲೇಪ) ಸರಿ ಇದ್ದರೆ ಅದು ಹಸಿರು, ನೇರಳೆ, ಕಂದು ಹೀಗೆ ಬಣ್ಣದಲ್ಲಿರುತ್ತದೆ. ಒಂದು ಗಾಜಿನಲ್ಲಿ ಆ ಬಣ್ಣ ಅಂಚಿನ ಹತ್ತಿರ ತುಂಡಾಗಿ, ಬಸವನಹುಳು ಹರಿದ ಗುರುತಿನ ಹಾಗೆ ಬೆಳ್ಳಗೆ ಅಂಕುಡೊಂಕಾಗಿ ಕಾಣುತ್ತಿತ್ತು. ಫಂಗಸ್ ಬೆಳೆಯುವಾಗ ಆಮ್ಲ ಬಿಡುತ್ತದೆ. ಅದು ಕೋಟಿಂಗನ್ನು, ಕೆಲವೊಮ್ಮೆ ಗಾಜನ್ನೂ ತಿನ್ನುತ್ತದೆ. ಎಳೆಗಳನ್ನು ಒರೆಸಬಹುದು, ತಿಂದ ಜಾಗ ವಾಪಸ್ ಬರುವುದಿಲ್ಲ. ನೇರವಾಗಿ ಟಾರ್ಚ್ ಬಿಟ್ಟರೆ ಈ ಗುರುತು ಎಷ್ಟೋ ಸಲ ಕಾಣುವುದಿಲ್ಲ. ಓರೆಯಾಗಿ, ಪ್ರತಿಬಿಂಬದಲ್ಲೇ ನೋಡಬೇಕು.

ಆಮೇಲೆ ಮ್ಯಾಗ್ನಿಫೈಯರ್ ಹಿಡಿದು ಮೌಂಟಿನ, ಅಂದರೆ ಲೆನ್ಸ್ ಕ್ಯಾಮೆರಾಕ್ಕೆ ಕೂರುವ ರಿಂಗಿನ, ಸ್ಕ್ರೂಗಳನ್ನು ನೋಡಿದೆವು. ಎರಡು ಸ್ಕ್ರೂಗಳ ಪ್ಲಸ್ ಗುರುತಿನ ಮೂಲೆ ಸವೆದು ದುಂಡಗಾಗಿತ್ತು. ಅಳತೆ ಸರಿಯಿಲ್ಲದ ಸ್ಕ್ರೂ ಡ್ರೈವರ್ ಹಾಕಿ ತಿರುಗಿಸಿದ್ದರು. ಆಮೇಲೆ ರಿಪೇರಿ ಮಾಡುವವರೊಬ್ಬರು ನೋಡಿ ಅದನ್ನೇ ಹೇಳಿದರು. ಲೆನ್ಸ್ ಓಪನ್ ಆಗಿದೆ, ಫಂಗಸ್ ಒರೆಸಿದ್ದಾರೆ, ಒಳಗಿನ ಒಂದು ಗಾಜು ಸರಿಯಾಗಿ ಕೂತಿಲ್ಲ. ಈ ಲೆನ್ಸಿನಲ್ಲಿ 23 ಗಾಜುಗಳಿವೆ. ಒಂದು ಕೂದಲೆಳೆಯಷ್ಟು ವಾಲಿದರೂ ಫೋಟೊದ ಒಂದು ಬದಿ ಮಸುಕಾಗುತ್ತದೆ.

ಈ ವಾಲಿಕೆ ಪತ್ತೆ ಮಾಡುವುದು ಸುಲಭ, ನೀವು ಖರೀದಿಗೆ ಮೊದಲೇ ಮಾಡಿ. ಬೆಳಿಗ್ಗೆ ಬೇಗ ಪಣಂಬೂರು ಬೀಚಿಗೆ ಹೋಗಿ, ಬಿಸಿಲೇರಿದರೆ ಸೆಕೆಗೆ ದೂರದ್ದು ನಡುಗಿದ ಹಾಗೆ ಕಾಣುತ್ತದೆ. ಬಂದರಿಗೆ ಬರಲು ಕಾಯುವ ಹಡಗುಗಳು ದೂರದಲ್ಲಿ ನಿಂತಿರುತ್ತವೆ. ಟ್ರೈಪಾಡ್ ಮೇಲಿಟ್ಟು, ಸಮುದ್ರದ ಅಂಚಿನ ಗೆರೆ ಫ್ರೇಮಿನ ಮಧ್ಯಕ್ಕೆ ಬರುವ ಹಾಗೆ ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ತೆಗೆಯಿರಿ. ಆಮೇಲೆ ಕ್ಯಾಮೆರಾ ತಲೆಕೆಳಗೆ ಮಾಡಿ ಅದೇ ದೃಶ್ಯ ಇನ್ನೊಂದು. ನನ್ನ ಲೆನ್ಸಲ್ಲಿ ಮೊದಲ ಫೋಟೊದಲ್ಲಿ ಎಡಗಡೆಯ ಹಡಗು ಮಸುಕಾಗಿತ್ತು. ತಲೆಕೆಳಗೆ ಮಾಡಿದಾಗ ಅದೇ ಹಡಗು ಶಾರ್ಪ್ ಆಯಿತು, ಬಲಗಡೆಯದ್ದು ಮಸುಕಾಯಿತು. ಅದೇ ಕ್ಯಾಮೆರಾಕ್ಕೆ ಬೇರೆ ಲೆನ್ಸ್ ಹಾಕಿದರೆ ಎರಡೂ ಬದಿ ಸರಿ. ಹಾಗಾಗಿ ದೋಷ ಲೆನ್ಸಿನದ್ದೇ, ಅನುಮಾನವೇ ಇಲ್ಲ.

ಸರಿಯಾದ ಸರ್ವಿಸ್ ಸೆಂಟರಲ್ಲಿ ಬಿಚ್ಚಿ ಕ್ಲೀನ್ ಮಾಡಿದ ಲೆನ್ಸ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದಕ್ಕೆ ಕಾಗದ ಇರುತ್ತದೆ, ರೇಟೂ ಕಡಿಮೆ ಇರುತ್ತದೆ. ಮುಚ್ಚಿಟ್ಟು ಪೂರ್ತಿ ರೇಟಿಗೆ ಮಾರುವುದು ಮೋಸ.

ಅಂಗಡಿಗೆ ಹೋದಾಗ ಬಂದ ಉತ್ತರ: "ಮಳೆಗಾಲ ಅಲ್ವಾ ಸರ್, ನಿಮ್ಮ ಮನೆಯಲ್ಲೇ ಆಗಿರಬೇಕು." ಇಲ್ಲಿ ಇದಕ್ಕೆ ತಲೆದೂಗುವವರು ತುಂಬ ಜನ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ಗಾಳಿಯಲ್ಲಿ ತೇವ ಸಾಮಾನ್ಯವಾಗಿ ಶೇಕಡಾ 80 ಮೀರಿರುತ್ತದೆ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ಆದರೆ ನನ್ನ ಲೆನ್ಸ್ ಮೊದಲ ದಿನದಿಂದ ತೇವ ತಡೆಯುವ ಡ್ರೈ ಬಾಕ್ಸಲ್ಲಿದೆ, ಮೀಟರ್ ಶೇಕಡಾ 45ರ ಆಸುಪಾಸು ತೋರಿಸುತ್ತದೆ. ಮಳೆ ಸ್ಕ್ರೂ ಬಿಚ್ಚುವುದಿಲ್ಲ. ಮಳೆಗಾಲಕ್ಕೆ ಮೊದಲು, ಏಪ್ರಿಲ್‌ನಲ್ಲಿ ತೆಗೆದ ಫೋಟೊಗಳಲ್ಲೂ ಎಡಬದಿ ಮಸುಕಾಗಿದೆ. ಅವನ್ನೆಲ್ಲ ತೋರಿಸಿದ ಮೇಲೆ ಅರ್ಧ ರೇಟಿಗೆ ವಾಪಸ್ ತಗೊಳ್ಳುತ್ತೇವೆ ಅಂದರು. ನಾನು ಕೊಡಲಿಲ್ಲ. ಕೊಟ್ಟಿದ್ದರೆ ಅದು ಮತ್ತೆ ಒರೆಸಿಕೊಂಡು ನಿಮ್ಮಲ್ಲಿ ಒಬ್ಬರ ಕೈಗೆ ಬರುತ್ತಿತ್ತು.

ಬಿಲ್ಲಿನಲ್ಲಿ ಅವರು ಬರೆದದ್ದು "ಯೂಸ್ಡ್ ಲೆನ್ಸ್, ನೋ ವಾರಂಟಿ" ಅಂತ ಮಾತ್ರ. ಬಾಯಲ್ಲಿ ಹೇಳಿದ "ಓಪನ್ ಆಗಿಲ್ಲ" ಅದರಲ್ಲಿಲ್ಲ. ನೀವು ಆ ಮಾತನ್ನು ಸೀರಿಯಲ್ ನಂಬರ್ ಸಮೇತ ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಅಂಗಡಿಯಲ್ಲೇ ಸ್ಕ್ರೂ, ಗಾಜು, ಪ್ರತಿಬಿಂಬ ಎಲ್ಲದರ ಫೋಟೊ ತೆಗೆಯಿರಿ. ಹಣ ಕ್ಯಾಶ್ ಕೊಡಬೇಡಿ. ಒಂದು ವಾರ ನೋಡಿ ವಾಪಸ್ ಕೊಡಲು ಒಪ್ಪದ ಕಡೆ ಇಷ್ಟು ದೊಡ್ಡ ಮೊತ್ತ ಹಾಕಬೇಡಿ. ಈಗಾಗಲೇ ಮೋಸ ಹೋಗಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸಿ. ಅಂಗಡಿಯಿಂದ ಸ್ವಂತ ಬಳಕೆಗೆ ತಗೊಂಡದ್ದಾದರೆ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು. 5 ಲಕ್ಷದವರೆಗಿನ ಖರೀದಿಗೆ ಶುಲ್ಕ ಇಲ್ಲ, ಎರಡು ವರ್ಷದ ಒಳಗೆ ದೂರು ಕೊಡಬೇಕು. ನಾನು ಸಹಾಯವಾಣಿಗೆ ದೂರು ಕೊಟ್ಟಿದ್ದೇನೆ, ಆಯೋಗಕ್ಕೆ ಕಾಗದ ಸಿದ್ಧ ಮಾಡುತ್ತಿದ್ದೇನೆ.

ಲೆನ್ಸ್ ನನ್ನ ಹತ್ತಿರವೇ ಉಂಟು. ಬಿಚ್ಚಿ ಒರೆಸಿದ ಲೆನ್ಸ್ ಹೇಗಿರುತ್ತದೆ ಅಂತ ಕಣ್ಣಾರೆ ನೋಡಬೇಕೆಂದು ಇರುವವರು, ಅಥವಾ ನೀವು ತಗೊಳ್ಳಲು ಹೊರಟ ಲೆನ್ಸನ್ನು ಇದರ ಪಕ್ಕ ಇಟ್ಟು ನೋಡಬೇಕು ಅಂತ ಇರುವವರು ಮೆಸೇಜ್ ಮಾಡಿ. ಭಾನುವಾರ ಬೆಳಿಗ್ಗೆ ಪಣಂಬೂರಿನಲ್ಲಿ ಸಿಗುತ್ತೇನೆ. ಮ್ಯಾಗ್ನಿಫೈಯರ್ ನಾನು ತರುತ್ತೇನೆ, ನೀವು ಟ್ರೈಪಾಡ್ ತನ್ನಿ.