ಟಾಟಾ ಇನ್‌ಸ್ಟಿಟ್ಯೂಟ್ ಜಾತ್ರೆ, ಮದ್ರಾಸಿನ ವಿಡಿಯೊ, ಐದು ದಿನದ ಶಿಬಿರ: ಮಕ್ಕಳಿಗೆ ಯಾವುದು?

ಶಾಲೆ ಮಕ್ಕಳಿಗೆ ಅಂತ ದೊಡ್ಡ ವಿದ್ಯಾಸಂಸ್ಥೆಗಳು ನಡೆಸುವ ಕಾರ್ಯಕ್ರಮಗಳಲ್ಲಿ ನಾಲ್ಕನ್ನು ನಮ್ಮ ಮನೆ ಮಕ್ಕಳು ಮುಗಿಸಿದ್ದಾರೆ. ಒಬ್ಬಳು ಒಂಬತ್ತನೇ ಕ್ಲಾಸಿನ ಮಗಳು. ಇನ್ನೊಬ್ಬ ತಿಪಟೂರಿನಲ್ಲಿ ಪಿಯುಸಿ ಓದುವ ಅಕ್ಕನ ಮಗ, ಹತ್ತನೇ ಕ್ಲಾಸಿನ ತನಕ ಕನ್ನಡ ಮಾಧ್ಯಮದವನು. ನಾನು ನೋಡುವುದು ಒಂದೇ: ವಿಷಯ ಗೊತ್ತಿರುವ ಒಬ್ಬರ ಎದುರು ನಿಂತು ಮಗು ಎಷ್ಟು ಹೊತ್ತು ಪ್ರಶ್ನೆ ಕೇಳಬಹುದು? ಕಟ್ಟಡ, ಟೀ ಶರ್ಟು, ಸರ್ಟಿಫಿಕೇಟು ಎಲ್ಲ ಆಮೇಲೆ.

ಮೊದಲನೆಯದು ಬೆಂಗಳೂರಿನ ಐಐಎಸ್‌ಸಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ, ಎಲ್ಲರಿಗೂ ಗೊತ್ತಿರುವುದೇ. ಹಳೇ ಬೆಂಗಳೂರಿನವರ ಬಾಯಲ್ಲಿ ಅದು ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟ್. ವರ್ಷಕ್ಕೊಂದು ದಿನ, ಹೆಚ್ಚಾಗಿ ಫೆಬ್ರವರಿ 28ರ ವಿಜ್ಞಾನ ದಿನದ ಆಸುಪಾಸಿನಲ್ಲಿ, ಗೇಟು ತೆರೆದುಬಿಡುತ್ತಾರೆ. ದುಡ್ಡಿಲ್ಲ, ಆಯ್ಕೆ ಪರೀಕ್ಷೆ ಇಲ್ಲ, ಯಾರು ಬೇಕಾದರೂ ಹೋಗಬಹುದು. ಹಾಗಾಗಿ ಎಲ್ಲರೂ ಹೋಗುತ್ತಾರೆ! ಹೈ ವೋಲ್ಟೇಜ್ ಲ್ಯಾಬಿನ ಕೃತಕ ಸಿಡಿಲು, ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದ್ದಿದ ಹೂವು ಗಾಜಿನಂತೆ ಪುಡಿಯಾಗುವುದು, ಇವೆಲ್ಲ ನೋಡಲು ಚೆನ್ನ, ಆದರೆ ಜನ ಜಾಸ್ತಿ ಇರುವ ಕಡೆ ಪ್ರಶ್ನೆ ಕೇಳುವುದಕ್ಕೆ ಜಾಗವೇ ಸಿಗುವುದಿಲ್ಲ.

ಮಗಳಿಗೆ ನಿಜವಾಗಿ ದಕ್ಕಿದ್ದು ಜನ ಕಮ್ಮಿ ಇದ್ದ ಒಂದು ಮೇಜಿನ ಹತ್ತಿರ. ಕಣಜದ ಹುಳುಗಳ ಮೇಲೆ ಕೆಲಸ ಮಾಡುವ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಗೂಡಿನ ಫೋಟೊ ತೋರಿಸುತ್ತಿದ್ದಳು. ಪ್ರತಿ ಹುಳುವಿನ ಮೈಮೇಲೂ ಬಣ್ಣದ ಚುಕ್ಕೆ. ಒಂದೊಂದಕ್ಕೆ ಒಂದೊಂದು ಗುರುತು, ಯಾರು ಏನು ಮಾಡಿದರು ಅಂತ ಬರೆದಿಡುವುದಕ್ಕೆ. ಈ ಜಾತಿಯ ರಾಣಿ ಜಗಳಗಂಟಿ ಅಲ್ಲ, ಸುಮ್ನೆ ಕೂತಿರುತ್ತಾಳೆ, ಆದರೂ ಗೂಡಿನಲ್ಲಿ ಮೊಟ್ಟೆ ಇಡುವವಳು ಅವಳೊಬ್ಬಳೇ ಅಂದಾಗ ಮಗಳು ಅಲ್ಲೇ ನಿಂತುಬಿಟ್ಟಳು. ಹಾಗಾದರೆ ಉಳಿದವು ಅವಳ ಮಾತು ಯಾಕೆ ಕೇಳುತ್ತವೆ, ರಾಣಿ ಸತ್ತರೆ ಮುಂದಿನವಳು ಯಾರು ಅಂತ ಮೊದಲೇ ಗೊತ್ತಿರುತ್ತದಾ, ಬಣ್ಣ ಹಚ್ಚುವಾಗ ಕಚ್ಚುವುದಿಲ್ಲವಾ... ಆ ಹುಡುಗಿ ಒಂದಕ್ಕೂ ಬೇಸರ ಮಾಡಲಿಲ್ಲ. ಹಾಗಾಗಿ ಸಿಡಿಲಿನ ಸಾಲು ಉದ್ದ ಇದ್ದರೆ ಬಿಟ್ಟು ಮುಂದೆ ಹೋಗಿ. ಬೆಳಿಗ್ಗೆ ಬೇಗ ಹೋಗಿ, ಎರಡು ಮೂರು ವಿಭಾಗ ಸಾಕು. ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ದಾರಿ ಇದೆ: ಲ್ಯಾಬಿನ ತಂತ್ರಜ್ಞರನ್ನು ಮಾತಾಡಿಸಿ. ಯಂತ್ರವನ್ನು ದಿನಾ ಬಿಚ್ಚಿ ಜೋಡಿಸುವ ಒಬ್ಬರು ಅಕ್ಕನ ಮಗನಿಗೆ ಅಚ್ಚ ಕನ್ನಡದಲ್ಲಿ ಹೇಳಿಕೊಟ್ಟಷ್ಟು ಚೆನ್ನಾಗಿ ಪಕ್ಕದ ಪೋಸ್ಟರ್ ಹೇಳುತ್ತಿರಲಿಲ್ಲ.

ಎರಡನೆಯದು ಒಂದು ಖಾಸಗಿ ವಿಶ್ವವಿದ್ಯಾಲಯದ ಬೇಸಿಗೆ ಶಿಬಿರ. ಹೆಸರು ಬೇಡ. ಫೀಸು ಜಾಸ್ತಿ, ಊಟ ಚೆನ್ನಾಗಿತ್ತು, ಎಸಿ ಹಾಲ್ ಇತ್ತು. ರೋಬೋಟ್ ಕಿಟ್ಟು ಐದು ಮಕ್ಕಳಿಗೆ ಒಂದು, ಜೋಡಿಸುವ ಕ್ರಮ ಮೊದಲೇ ಪ್ರಿಂಟ್ ಆಗಿತ್ತು, ಹಾಗಾಗಿ ತಪ್ಪು ಮಾಡುವುದಕ್ಕೂ ಅವಕಾಶ ಇರಲಿಲ್ಲ. ಕೊನೆ ದಿನ ಅಪ್ಪ ಅಮ್ಮಂದಿರನ್ನು ಕೂರಿಸಿ ಅಡ್ಮಿಷನ್ ಬಗ್ಗೆ ಸ್ಲೈಡು ತೋರಿಸಿದರು. ಆ ಕಡೆಯಿಂದ ಈಗಲೂ ಫೋನು ಬರುತ್ತಲೇ ಇದೆ. ಇಂಥದ್ದಕ್ಕೆ ದುಡ್ಡು ಕಟ್ಟುವ ಮೊದಲು ಪಾಠ ಮಾಡುವವರು ಅಲ್ಲಿನ ಅಧ್ಯಾಪಕರಾ ಅಥವಾ ಹೊರಗಿನ ಕಂಪನಿಯವರಾ, ನಿಜವಾದ ಲ್ಯಾಬಿನೊಳಗೆ ಬಿಡುತ್ತಾರಾ ಅಂತ ಕೇಳಿ. ಉತ್ತರ ತಡವರಿಸಿದರೆ ಗೊತ್ತಾಯ್ತಲ್ಲ.

ಮೂರನೆಯದು ಐಐಟಿ ಮದ್ರಾಸಿನ ಸ್ಕೂಲ್ ಕನೆಕ್ಟ್. ಎಂಟು ವಾರದ ಆನ್‌ಲೈನ್ ಕೋರ್ಸು, ಫೀಸು 500 ರೂಪಾಯಿ, ಮುಗಿಸಿದವರಿಗೆ ಸರ್ಟಿಫಿಕೇಟು. ಅಕ್ಕನ ಮಗ ಡೇಟಾ ಸೈನ್ಸ್ ಮತ್ತು ಎಐ ತೆಗೆದುಕೊಂಡ. ಮನುಷ್ಯರ ಎದುರು ನಿಂತು ಕೇಳುವ ನನ್ನ ಲೆಕ್ಕದಲ್ಲಿ ಇದಕ್ಕೆ ಅಂಕ ಕಮ್ಮಿ ಬರಬೇಕಿತ್ತು. ಆದರೆ ನಾನು ಯೋಚಿಸದೇ ಇದ್ದ ಒಂದು ಅನುಕೂಲವನ್ನು ಅವನೇ ಹೇಳಿದ: ವಿಡಿಯೊ ನಿಲ್ಲಿಸಬಹುದು, ಹಿಂದೆ ತಿರುಗಿಸಬಹುದು. ಇಂಗ್ಲಿಷ್ ಪಾಠ ಒಂದೇ ಸಲಕ್ಕೆ ತಲೆಗೆ ಹೋಗದ ಹುಡುಗನಿಗೆ ತರಗತಿಯಲ್ಲಿ ಕೈ ಎತ್ತಿ "ಇನ್ನೊಂದು ಸಲ ಹೇಳಿ ಸಾರ್" ಅನ್ನುವ ಮುಜುಗರ ಇಲ್ಲಿಲ್ಲ. ಕಲಿತದ್ದನ್ನು ಇಟ್ಟುಕೊಂಡು ತಿಪಟೂರು ಎಪಿಎಂಸಿಯ ಕೊಬ್ಬರಿ ದರದ ಗ್ರಾಫ್ ಮಾಡಿ ತಾತನಿಗೆ ತೋರಿಸಿದ. ತಾತ ನೋಡಿ, ಇಷ್ಟು ನನಗೂ ಗೊತ್ತಿತ್ತು ಬಿಡು ಅಂದರು. ಅದು ಬೇರೆ ವಿಷಯ. ವಾರವಾರ ತಾನಾಗಿ ಕೂರುವ ಮಗುವಿಗೆ ಮಾತ್ರ ಇದು ಸರಿ. ನನ್ನ ಮಗಳಂಥವಳಾದರೆ ಎರಡನೇ ವಾರಕ್ಕೇ ಮಾಯ.

ನಾಲ್ಕನೆಯದು ಇನ್‌ಸ್ಪೈರ್ ಶಿಬಿರ, ನನ್ನ ಪ್ರಕಾರ ಎಲ್ಲಕ್ಕಿಂತ ಮೇಲು. ಹಣ ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯದು, ನಡೆಯುವುದು ಕಾಲೇಜು, ವಿಶ್ವವಿದ್ಯಾಲಯಗಳಲ್ಲಿ. ಐದು ದಿನ ಊಟ, ವಸತಿ ಅಲ್ಲೇ, ಮಕ್ಕಳು ಒಂದು ಪೈಸೆ ಕೊಡಬೇಕಿಲ್ಲ. ಉಪನ್ಯಾಸ ಕೆಲವು ತೂಕಡಿಕೆ ತರಿಸುವಂಥವೇ ಅಂತೆ. ಆದರೆ ವಿಜ್ಞಾನಿಗಳು ಅಲ್ಲೇ ಮಕ್ಕಳ ಜೊತೆ ಊಟಕ್ಕೂ ಬರುತ್ತಾರೆ ನೋಡಿ, ಅಲ್ಲಿದೆ ಮಜಾ. ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ನಮ್ಮ ಹುಡುಗ ಒಬ್ಬ ಹಿರಿಯ ಪ್ರೊಫೆಸರನ್ನು ಕೇಳಿದನಂತೆ: ಪಂಪು ಇಲ್ಲದೆ ತೆಂಗಿನ ಮರದ ತುದಿಗೆ ನೀರು ಹೇಗೆ ಹತ್ತುತ್ತದೆ?

ಅವರು ಊಟ ಮುಗಿಯುವ ತನಕ ಬಿಡಲಿಲ್ಲ. ಮೇಲಿಂದ ಹೀರುವ ಪಂಪು ಎಷ್ಟೇ ಶಕ್ತಿಯದ್ದಾದರೂ ನೀರನ್ನು ಸುಮಾರು 10 ಮೀಟರಿಗಿಂತ ಮೇಲೆ ಎತ್ತಲಾರದು, ಯಾಕೆಂದರೆ ನೀರನ್ನು ಕೆಳಗಿಂದ ತಳ್ಳುವುದು ಗಾಳಿಯ ಒತ್ತಡ, ಅದರ ತಾಕತ್ತು ಅಷ್ಟೇ. ಮರ ಅದಕ್ಕಿಂತ ಎತ್ತರ. ಅಲ್ಲಿ ಗರಿಗಳಿಂದ ನೀರು ಆವಿಯಾದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಕಣಗಳ ಎಳೆ ಬೇರಿನಿಂದ ಮೇಲಕ್ಕೆ ಎಳೆದುಕೊಂಡು ಬರುತ್ತದೆ. ತೋಟದಲ್ಲೇ ಬೆಳೆದ ಹುಡುಗನಿಗೆ ಇದನ್ನು ಅದುವರೆಗೆ ಯಾರೂ ಹೀಗೆ ಹೇಳಿರಲಿಲ್ಲ.

ತೊಡಕು ಒಂದೇ. ಹತ್ತನೇ ಬೋರ್ಡ್ ಪರೀಕ್ಷೆಯಲ್ಲಿ ಮೇಲಿನ ಶೇ 1ರೊಳಗೆ ಬಂದು ವಿಜ್ಞಾನ ತೆಗೆದುಕೊಂಡವರಿಗೆ ಮಾತ್ರ ಇದರ ಬಾಗಿಲು. ಅಂಕಕ್ಕೂ ಕುತೂಹಲಕ್ಕೂ ಏನು ನಂಟು? ಆ ತೆಂಗಿನ ಮರದ ಪ್ರಶ್ನೆಯನ್ನು ಮೊದಲು ಎತ್ತಿದ್ದು ಇವನ ಗೆಳೆಯನಂತೆ, ಅವನಿಗೆ ಬಂದಿದ್ದು ಸೆಕೆಂಡ್ ಕ್ಲಾಸು. ಅವನಂಥವರು ಓಪನ್ ಡೇಗೆ ಬನ್ನಿ. ತಿಪಟೂರಿನಿಂದ ರೈಲು ಹತ್ತಿ ಯಶವಂತಪುರದಲ್ಲಿ ಇಳಿದರೆ ಕ್ಯಾಂಪಸ್ ಹತ್ತಿರವೇ, ಆಟೊದವರಿಗೆ ಟಾಟಾ ಇನ್‌ಸ್ಟಿಟ್ಯೂಟ್ ಅಂದರೂ ಗೊತ್ತಾಗುತ್ತದೆ.