ಬ್ಯಾಕ್‌ಗ್ಯಾಮನ್ ನಡೆ ಬರೆದಿಡಲು ಅಂಕಿ ಒಳ್ಳೆಯದೋ, ಅಕ್ಷರವೋ?

ಬ್ಯಾಕ್‌ಗ್ಯಾಮನ್ ಇಬ್ಬರು ಎರಡೆರಡು ದಾಳ ಹಾಕಿ ಕಾಯಿ ನಡೆಸುವ ಹಲಗೆಯಾಟ. ಎದುರಾಳಿ ದಾಳ ಹಾಕಿ, ಕಾಯಿ ನಡೆಸಿ, ದಾಳ ಎತ್ತಿಕೊಳ್ಳುವಷ್ಟರಲ್ಲಿ ಆ ನಡೆ ಕಾಗದಕ್ಕೆ ಇಳಿದಿರಬೇಕು. ಸಿಗುವುದು ಕೆಲವೇ ಕ್ಷಣ. ಹಾಗಾಗಿ ಯಾವ ಪದ್ಧತಿ ಚಿಕ್ಕದು ಎನ್ನುವುದರ ಜೊತೆಗೆ, ಮರುದಿನ ಹಲಗೆಯ ಮೇಲೆ ಆಟವನ್ನು ಮತ್ತೆ ಜೋಡಿಸಲು ಯಾವುದು ಕೈಕೊಡುವುದಿಲ್ಲ ಎಂಬುದನ್ನೂ ನೋಡಬೇಕು. ಎಲ್ಲರೂ ಬಳಸುವ ಅಂಕಿ ಪದ್ಧತಿ, ನ್ಯಾಕ್ ಬ್ಯಾಲಾರ್ಡ್ ರೂಪಿಸಿದ ನ್ಯಾಕ್ಟೇಶನ್ ಎಂಬ ಅಕ್ಷರ ಪದ್ಧತಿ, ಕಂಪ್ಯೂಟರ್ ಕೊಡುವ ಸ್ಥಿತಿ ಸಂಕೇತ, ಮೂರನ್ನೂ ಬಳಸಿ ನೋಡಿದ್ದೇನೆ. ಪೂರ್ತಿ ಆಟ ಬರೆಯುವುದಾದರೆ ನನ್ನ ಮತ ಅಂಕಿಗೇ.

ಅಂಕಿ ಪದ್ಧತಿಯಲ್ಲಿ ಇಬ್ಬರೂ ತಮ್ಮ ತಮ್ಮ ಕಡೆಯಿಂದ ಮನೆಗಳನ್ನು 1ರಿಂದ 24ರವರೆಗೆ ಎಣಿಸುತ್ತಾರೆ. ನನ್ನ 20ನೇ ಮನೆ ಎದುರಾಳಿಗೆ 5ನೆಯದು. ಎರಡೂ ಕೂಡಿದರೆ ಯಾವಾಗಲೂ 25. ಹೊಸಬರಿಗೆ ಮೊದಲು ಗೊಂದಲವಾಗುವುದು ಇಲ್ಲೇ. ಮೊದಲು ಗರ (ದಾಳಗಳಲ್ಲಿ 3 ಮತ್ತು 1 ಬಿದ್ದರೆ 31), ಆಮೇಲೆ ಎಲ್ಲಿಂದ ಎಲ್ಲಿಗೆ: 31: 8/5 6/5. ಹೊಡೆದರೆ ನಕ್ಷತ್ರ, ಹೊರಗೆ ತೆಗೆದರೆ ‘ಆಫ್’, ಜೋಡಿ ಕಾಯಿ ನಡೆದರೆ ಕಂಸದಲ್ಲಿ 2. ಐದರ ಜೋಡಿ ಬಿದ್ದಾಗ ಎರಡು ಕಾಯಿ ಎರಡೆರಡು ಸಲ ನಡೆದರೂ 55: 13/3(2) ಎಂದರೆ ಸಾಕು. ಆದರೆ ದಾರಿಯಲ್ಲಿ ಹೊಡೆದಿದ್ದರೆ ನಡುವಿನ ಮನೆಯನ್ನು ಬಿಡುವಂತಿಲ್ಲ: 63: 24/18*/15.

ಈ ಪದ್ಧತಿಯ ದೊಡ್ಡ ಗುಣ, ತಪ್ಪನ್ನು ಅದೇ ತೋರಿಸಿಕೊಡುತ್ತದೆ. 52 ಗರಕ್ಕೆ 13/7 ಎಂದು ಬರೆದಿದ್ದರೆ ಕಳೆದು ನೋಡಿದ ಕೂಡಲೇ ಲೆಕ್ಕ ತಪ್ಪಿದ್ದು ತಿಳಿಯುತ್ತದೆ. ನಕ್ಷತ್ರ ಹಾಕುವುದು ಮರೆತರೂ ಎದುರಾಳಿಯ ಮುಂದಿನ ನಡೆ ‘ಬಾರ್/22’ ಎಂದು (ಬಾರ್ ಎಂದರೆ ಹೊಡೆಸಿಕೊಂಡ ಕಾಯಿ ಕೂರುವ ನಡುಪಟ್ಟಿ) ಶುರುವಾದರೆ ಅವರ ಕಾಯಿಯನ್ನು ಹೊಡೆದಿದ್ದು ಖಚಿತ. ಗರವನ್ನು ಮಾತ್ರ ಬಿಡಬೇಡಿ. ಬರೀ 24/15 ಎಂದಿದ್ದರೆ ಬಿದ್ದದ್ದು 63 ಗರವೋ 54 ಗರವೋ ಹೇಳಲಾಗದು. ಆಟ ಮುಗಿದ ಮೇಲೆ ಆ ನಡೆ ಸರಿಯಿತ್ತೇ ಎಂದು ವಿಚಾರ ಮಾಡುವುದಕ್ಕೂ ಆಧಾರ ಉಳಿಯದು.

ಅಕ್ಷರ ಪದ್ಧತಿಯ ಸೊಗಸು ಕಾಣುವುದು ಆರಂಭದಲ್ಲಿ. ಮೊದಲ ಗರ 64 ಬಿದ್ದರೆ ಎಲ್ಲರೂ ಚರ್ಚಿಸುವ ದಾರಿಗಳು ಮೂರು: 24/14 ಓಡುವುದು, 24/18 13/9 ಎಂದು ಹಿಂದಿನ ಜೋಡಿ ಬಿಡಿಸುವುದು, 8/2 6/2 ಎಂದು ಮನೆ ಕಟ್ಟುವುದು. ಇವು ಇಲ್ಲಿ ಇಂಗ್ಲಿಷಿನ ರನ್, ಸ್ಪ್ಲಿಟ್, ಪಾಯಿಂಟ್ ಪದಗಳ ಮೊದಲ ಅಕ್ಷರದಿಂದ 64ಆರ್, 64ಎಸ್, 64ಪಿ ಆಗುತ್ತವೆ. 43 ಗರಕ್ಕೆ ಮಧ್ಯದ ಮನೆಯಿಂದ (13) ಎರಡು ಕಾಯಿ ಇಳಿಸಿದರೆ 43ಡಿ (ಡೌನ್), 24/20 13/10 ನಡೆದರೆ 43ಯು (ಅಪ್). ಗರವೂ ಉದ್ದೇಶವೂ ಒಂದೇ ಉಸಿರಿನಲ್ಲಿ ಬರುತ್ತವೆ. ಆರಂಭದ ನಡೆ, ಅದಕ್ಕೆ ಉತ್ತರ, ಮೂರನೆಯ ಗರ ಎಲ್ಲವೂ ಒಂದೇ ಚಿಕ್ಕ ಸಾಲಿನಲ್ಲಿ ಹಿಡಿಸುತ್ತವೆ. ಆರಂಭಗಳನ್ನು ಬಾಯಿಪಾಠ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ಸಾಧನವನ್ನು ನಾನು ಕಂಡಿಲ್ಲ.

ಆಟ ನಡುಘಟ್ಟಕ್ಕೆ ಬಂದಂತೆ ಇದೇ ಗುಣ ಹೊರೆಯಾಗುತ್ತದೆ. ಅಕ್ಷರದ ಅರ್ಥ ಆ ಹೊತ್ತಿಗೆ ಹಲಗೆ ಹೇಗಿದೆ ಎಂಬುದಕ್ಕೆ ಅಂಟಿಕೊಂಡಿದೆ. ಹಿಂದಿನ ಒಂದು ನಡೆ ಓದಲಾಗದಿದ್ದರೂ ಮುಂದಿನದೆಲ್ಲ ಸಡಿಲ. ಅಂಕಿಯಲ್ಲಿ ಬರೆದ ಆಟದಲ್ಲಿ ಒಂದು ಸಾಲು ಮಸುಕಾದರೂ ಮುಂದಿನ 13/8, 6/4* ನೋಡಿ ಕಾಯಿಗಳು ಎಲ್ಲಿದ್ದಿರಬೇಕೆಂದು ಹಿಂದಕ್ಕೆ ಊಹಿಸಿ ಮತ್ತೆ ದಾರಿಗೆ ಬರಬಹುದು.

ಸ್ಥಿತಿ ಸಂಕೇತದ ಕಥೆಯೇ ಬೇರೆ. ಗ್ನೂ ಬ್ಯಾಕ್‌ಗ್ಯಾಮನ್ ಎಂಬ ಕಂಪ್ಯೂಟರ್ ಪ್ರೋಗ್ರಾಂ ಇಡೀ ಹಲಗೆಯನ್ನು 14 ಅಕ್ಷರಗಳಲ್ಲಿ ಅಡಕಗೊಳಿಸುತ್ತದೆ. ಒಂದು ಕಠಿಣ ಸ್ಥಿತಿಯನ್ನು ಗೆಳೆಯರಿಗೆ ಕಳಿಸಲು ಅದೇ ಸರಿ. ಆದರೆ ಅದನ್ನು ಕೈಯಲ್ಲಿ ಲೆಕ್ಕ ಹಾಕಿ ಬರೆಯಲಾಗದು, ಅಲ್ಲಿಗೆ ಬಂದ ನಡೆಗಳೂ ಅದರಲ್ಲಿಲ್ಲ.

ಈಗ ನಾನು ಮೊದಲ ಎರಡು ನಡೆಗಳಿಗೆ ಅಕ್ಷರ, ಆಮೇಲೆ ಅಂಕಿ ಬಳಸುತ್ತೇನೆ. ಪಣ ಇಮ್ಮಡಿ ಮಾಡುವ ಡಬಲ್, ಅದನ್ನು ಒಪ್ಪುವ ಟೇಕ್, ಒಪ್ಪದೆ ಆಟ ಬಿಡುವ ಡ್ರಾಪ್ ಮೂರಕ್ಕೂ ಒಂದೊಂದು ಅಕ್ಷರ, ಅದೂ ಬೇರೆಯದೇ ಸಾಲಿನಲ್ಲಿ. ನಡೆಗಳ ನಡುವೆ ಸೇರಿಸಿದರೆ ಕಣ್ತಪ್ಪುತ್ತದೆ. ಕೊನೆಗೆ ಕಾಯಿ ಹೊರತೆಗೆಯುವ ಹೊತ್ತಿಗೆ, ಬೇರೆ ಆಯ್ಕೆಯೇ ಇಲ್ಲದ ಕಡೆ ಬರೀ ಗರ ಬರೆದು ಮುಂದೆ ಹೋಗುತ್ತೇನೆ. 1 ಬಿದ್ದಾಗ ಕಾಯಿ ತೆಗೆಯದೆ 4/3 ಎಂದು ಖಾಲಿ ಮನೆ ತುಂಬಿದ್ದರೆ ಮಾತ್ರ ಅದನ್ನು ಪೂರ್ತಿ ಬರೆಯುತ್ತೇನೆ.